ಬಿಚ್ಚಿ ಕಟ್ಟಿದ ಆರ್‌ಎಕ್ಸ್ 100

ಮಾರಾಟಕ್ಕಿರುವ ಹಳೆಯ ಯಮಹಾ ಆರ್‌ಎಕ್ಸ್ 100 ನೋಡಲು ಹೋದರೆ ಈಗ ಮೊದಲು ಕಿವಿಗೆ ಬೀಳುವ ಮಾತು, ‘ಎಂಜಿನ್ ಫುಲ್ ವರ್ಕ್ ಆಗಿದೆ ಸರ್’ ಎಂಬುದು. ಪೋರ್ಟಿಂಗ್ ಮಾಡಿಸಿದೆ, ಆರ್‌ಎಕ್ಸ್ 135ರ ಸಿಲಿಂಡರ್ ಕೂರಿಸಿದೆ, ಗೇರ್ ಐದು, ದೊಡ್ಡ ಕಾರ್ಬುರೇಟರ್, ಚೇಂಬರ್ ಸೈಲೆನ್ಸರ್, ಮುಂದೆ ಡಿಸ್ಕ್ ಬ್ರೇಕ್. ಪಟ್ಟಿ ಬೆಳೆದಂತೆ ಬೆಲೆಯೂ ಏರುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಮಾಡಿಫೈ ಆದ ಗಾಡಿಯನ್ನು ಅದಕ್ಕೆ ಏನೇನು ಹಾಕಿದ್ದಾರೆ ಎಂಬುದರಿಂದ ಅಳೆಯಬಾರದು. ಹಾಕಿದ್ದೆಲ್ಲ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತಿದೆಯೇ? ಬೇಡವೆನಿಸಿದ ದಿನ ಗಾಡಿಯನ್ನು ಮೊದಲಿನ ಸ್ಥಿತಿಗೆ ತರಬಹುದೇ? ಈ ಎರಡಕ್ಕೂ ಉತ್ತರ ಸಿಗದೆ ಮುಂಗಡ ಕೊಡಬಾರದು.

ಮೂಲ ಗಾಡಿ ಎಂಥದಾಗಿತ್ತು ಎಂಬುದನ್ನು ಮರೆತು ಈ ವಿಚಾರ ಮಾತಾಡುವಂತಿಲ್ಲ. 1985ರ ಕೊನೆಯಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಯಮಹಾ ಜೊತೆಗೂಡಿ ಇದನ್ನು ಮಾರುಕಟ್ಟೆಗೆ ತಂದಿತು. 1996ರವರೆಗೆ ತಯಾರಾಯಿತು. 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕ್, 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ, ನಾಲ್ಕು ಗೇರ್, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಓದಲು ಸಾಮಾನ್ಯವೆನಿಸುವ ಈ ಅಂಕಿಗಳ ನಡುವಿನ ಹೊಂದಾಣಿಕೆಯೇ ಆ ಗಾಡಿಯ ಸತ್ವ. ಎಂಜಿನ್ ಕೊಡುವ ವೇಗವನ್ನು ಆ ಬ್ರೇಕು ಹಿಡಿಯಬಲ್ಲದು, ಆ ಫ್ರೇಮು ತಾಳಬಲ್ಲದು. ರೀಡ್ ವಾಲ್ವ್ ಇರುವುದರಿಂದ ಕಡಿಮೆ ಆರ್‌ಪಿಎಂನಲ್ಲೂ ಎಳೆಯುತ್ತದೆ. ಪೇಟೆಯ ಸಂದಣಿಯಲ್ಲಿ ತೆವಳಿ, ಖಾಲಿ ರಸ್ತೆ ಸಿಕ್ಕ ಕೂಡಲೇ ಚಿಮ್ಮುವ ಆ ಗುಣಕ್ಕೇ ಜನ ಮನಸೋತದ್ದು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದನ್ನು ಮುಟ್ಟಿದರೆ ಮಿಕ್ಕ ಎಲ್ಲವೂ ಅಲುಗಾಡುತ್ತದೆ. ಇದರಲ್ಲಿ ಫೋರ್-ಸ್ಟ್ರೋಕಿನಂತೆ ಕ್ಯಾಮ್ ತೆರೆಯುವ ವಾಲ್ವ್‌ಗಳಿಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು, ಅಂದರೆ ಪೋರ್ಟುಗಳನ್ನು, ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತಿರುತ್ತದೆ. ಹಾಗೆ ಬಂದದ್ದೂ ಹೊಗೆಯ ಜೊತೆ ಹೊರಗೆ ಹರಿದುಹೋಗದಂತೆ ತಡೆಯುವುದು ಸೈಲೆನ್ಸರಿನ ಒಳಗಿಂದ ಹಿಂದಿರುಗುವ ಒತ್ತಡದ ಅಲೆ. ಆ ಅಲೆ ಯಾವ ಕ್ಷಣಕ್ಕೆ ಕಿಂಡಿಯ ಬಾಯಿಗೆ ತಲುಪಬೇಕು ಎಂಬುದನ್ನು ಚೇಂಬರಿನ ಉದ್ದ ಮತ್ತು ಅದು ಹಿಗ್ಗಿ ಕುಗ್ಗುವ ಕೋನ ನಿರ್ಧರಿಸುತ್ತವೆ. ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಕೊರೆದರೆ ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನದು ಬಡವಾಗುತ್ತದೆ. ಅದಕ್ಕೆ ತಕ್ಕ ಚೇಂಬರ್ ಇಲ್ಲದಿದ್ದರೆ ಎರಡೂ ಕಡೆ ನಷ್ಟ. ಕಾರ್ಬುರೇಟರ್ ದೊಡ್ಡದಾಗಿ ಜೆಟ್ ಹೊಂದದಿದ್ದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಜಾಮ್ ಆಗುತ್ತದೆ. ಹೆಡ್ ಕೆರೆಸಿ ಕಂಪ್ರೆಷನ್ ಏರಿಸಿದರೆ ಬಿಸಿ ಹೆಚ್ಚುತ್ತದೆ. ಗಾಳಿಯಿಂದಷ್ಟೇ ತಣಿಯಬೇಕಾದ ಈ ಎಂಜಿನ್ನಿಗೆ ಬಿಸಿಯೇ ದೊಡ್ಡ ಶತ್ರು.

ಹೀಗಾಗಿ ಒಳ್ಳೆಯ ಟ್ಯೂನಿಂಗ್ ಎಂದರೆ ಒಂದು ಪೂರ್ಣ ಕೃತಿ. ಅದನ್ನು ಮಾಡಿದ ಮೆಕ್ಯಾನಿಕ್ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಪೋರ್ಟಿನ ಎತ್ತರ, ಮುಖ್ಯ ಜೆಟ್ಟಿನ ಸಂಖ್ಯೆ, ಇಗ್ನಿಷನ್ ಟೈಮಿಂಗ್ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ. ಕೊರೆದ ಕಿಂಡಿಯ ಅಂಚನ್ನು ರಿಂಗ್ ಸಿಕ್ಕಿಕೊಳ್ಳದಂತೆ ನಯಗೊಳಿಸಿರುತ್ತಾರೆ. ಆದರೆ ಮಾರಾಟಕ್ಕೆ ಬರುವ ಗಾಡಿಗಳಲ್ಲಿ ಇಂಥ ಕೆಲಸ ಅಪರೂಪ. ಬಹುಪಾಲು ಗಾಡಿಗಳಲ್ಲಿ ಸಿಲಿಂಡರ್ ಒಬ್ಬರ ಕೈಯದು, ಸೈಲೆನ್ಸರ್ ಇನ್ನೆಲ್ಲಿಂದಲೋ ತರಿಸಿದ್ದು, ಕಾರ್ಬುರೇಟರ್ ಅಗ್ಗಕ್ಕೆ ಸಿಕ್ಕಿತೆಂದು ಕೂರಿಸಿದ್ದು. ಸದ್ದು ಜೋರಾದದ್ದನ್ನೇ ಶಕ್ತಿ ಹೆಚ್ಚಿತು ಎಂದು ನಂಬಿಕೊಂಡಿರುತ್ತಾರೆ. ‘ಯಾರು ಕೆಲಸ ಮಾಡಿದ್ದು, ಅವರ ಜೊತೆ ಮಾತಾಡಬಹುದೇ?’ ಎಂದು ಕೇಳಿ. ಮಾರುವವರು ಹೆಸರು ಹೇಳಲು ತಡವರಿಸಿದರೆ ಅಲ್ಲಿಂದ ಹೊರಡಿ.

ಆಯಿಲ್ ಪಂಪಿನ ವಿಚಾರವಂತೂ ನನ್ನನ್ನು ಬಹಳ ಕಾಡುತ್ತದೆ. ಆರ್‌ಎಕ್ಸ್‌ನಲ್ಲಿ 2ಟಿ ಆಯಿಲ್‌ಗೆ ಬೇರೆಯೇ ಟ್ಯಾಂಕ್ ಇದೆ. ಆಟೋಲ್ಯೂಬ್ ಪಂಪು ಎಂಜಿನ್ನಿನ ವೇಗ ಮತ್ತು ಆಕ್ಸಿಲರೇಟರ್ ಎರಡನ್ನೂ ನೋಡಿಕೊಂಡು ಎಣ್ಣೆ ಉಣಿಸುತ್ತದೆ. ಮಾಡಿಫೈ ಮಾಡುವವರು ಇದನ್ನು ಕಿತ್ತುಹಾಕಿ ಪೆಟ್ರೋಲಿಗೇ ಲೀಟರಿಗೆ 20ರಿಂದ 30 ಮಿ.ಲೀ. ಎಣ್ಣೆ ಬೆರೆಸಿ ಓಡಿಸುತ್ತಾರೆ. ರೇಸಿಗೆ ಅದು ಸರಿ. ಆದರೆ ಚಾರ್ಮಾಡಿ ಘಾಟಿಯನ್ನು ಆಕ್ಸಿಲರೇಟರ್ ಮುಚ್ಚಿ, ಗೇರಿನಲ್ಲೇ ಇಳಿಸುತ್ತಿದ್ದೀರಿ ಎಂದುಕೊಳ್ಳಿ. ಎಂಜಿನ್ ವೇಗವಾಗಿ ತಿರುಗುತ್ತಿದೆ, ಪೆಟ್ರೋಲ್ ಮಾತ್ರ ಹೆಚ್ಚು ಹೋಗುತ್ತಿಲ್ಲ. ಪೆಟ್ರೋಲ್ ಹೋಗದಿದ್ದರೆ ಎಣ್ಣೆಯೂ ಇಲ್ಲ. ಪಂಪು ಇದ್ದಿದ್ದರೆ ಆರ್‌ಪಿಎಂ ನೋಡಿ ಒಂದಷ್ಟು ಎಣ್ಣೆ ಕಳಿಸುತ್ತಲೇ ಇರುತ್ತಿತ್ತು. ದಿನಬಳಕೆಗೆ, ಮಲೆನಾಡಿನ ರಸ್ತೆಗಳಿಗೆ ಗಾಡಿ ಹುಡುಕುವವರು ಪಂಪು ಉಳಿಸಿಕೊಂಡಿರುವುದನ್ನೇ ಆರಿಸಬೇಕು.

ಇನ್ನು ಪರೀಕ್ಷೆ. ಗಾಡಿ ನೋಡಲು ಹೋದ ಕೂಡಲೇ ಸಿಲಿಂಡರನ್ನು ಕೈಯಿಂದ ಮುಟ್ಟಿ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ. ತಣ್ಣಗಿರುವ ಎಂಜಿನ್ನನ್ನು ಕಿಕ್ ಮಾಡಿದಾಗಲೇ ಅದರ ನಿಜ ತಿಳಿಯುವುದು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಗೇರ್ ಆಯಿಲ್ ಸುಟ್ಟ ವಾಸನೆ ಬಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ತೂಗಾಡಿದರೆ ಎಲ್ಲಿಂದಲೋ ಗಾಳಿ ಸೋರಿ ಒಳಗೆ ಬರುತ್ತಿದೆ ಎಂದರ್ಥ. ಇದನ್ನು ಸಣ್ಣ ದೋಷವೆಂದು ಬಿಡಬೇಡಿ, ಮುಂದಿನ ಜಾಮ್‌ಗೆ ಇದೇ ಬೀಜ. ಸ್ಪಾರ್ಕ್ ಪ್ಲಗ್ಗಿನ ತುದಿ ಚಾಕೊಲೇಟ್ ಬಣ್ಣಕ್ಕಿದ್ದರೆ ಒಳ್ಳೆಯದು, ಬಿಳಚಿದ್ದರೆ ಅಪಾಯ. ಪ್ಲಗ್ ಹೊಚ್ಚ ಹೊಸದಾಗಿದ್ದರೆ ಹಳೆಯದನ್ನು ತೋರಿಸಲು ಕೇಳಿ. ಮಾಲೀಕರು ಒಪ್ಪಿದರೆ ಸೈಲೆನ್ಸರ್ ಕಳಚಿಸಿ ಎಕ್ಸಾಸ್ಟ್ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಈಗಾಗಲೇ ಒಮ್ಮೆ ಜಾಮ್ ಆದ ಎಂಜಿನ್.

ಎಷ್ಟನೇ ಬೋರ್‌ನಲ್ಲಿದೆ ಎಂಬುದನ್ನೂ ಕೇಳಬೇಕು. ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಹೆಜ್ಜೆಯಲ್ಲಿ 1.00ರವರೆಗೆ ಬರುತ್ತವೆ. ಕೊನೆಯ ಬೋರ್ ಮುಟ್ಟಿದ ಸಿಲಿಂಡರಿಗೆ ಉಳಿಯುವುದು ಹೊಸ ಸ್ಲೀವ್ ಹೊಡೆಸುವ ದಾರಿ. ಆಗ ಪೋರ್ಟುಗಳನ್ನು ಮತ್ತೆ ಕೊರೆಯಬೇಕು, ಹಣ ಕೊಟ್ಟು ಕೊಂಡ ಟ್ಯೂನಿಂಗ್ ಅಲ್ಲಿಗೆ ಕಳೆದುಹೋಯಿತು.

ಬದಲಾವಣೆಗಳಲ್ಲಿ ಎರಡು ಬಗೆ. ಕಾರ್ಬುರೇಟರ್, ಸೈಲೆನ್ಸರ್, ಹ್ಯಾಂಡಲ್, ಚಕ್ರ ಇವನ್ನೆಲ್ಲ ಒಂದು ಭಾನುವಾರದಲ್ಲಿ ಹಿಂದಕ್ಕೆ ತರಬಹುದು, ಮೂಲ ಭಾಗಗಳು ಕೈಯಲ್ಲಿದ್ದರೆ. ಕೊರೆದ ಸಿಲಿಂಡರ್, ಕೆರೆದ ಹೆಡ್, ಕೆಫೆ ರೇಸರ್ ಮಾಡಲು ಹಿಂಬದಿ ಕತ್ತರಿಸಿ ವೆಲ್ಡಿಂಗ್ ಹೊಡೆದ ಫ್ರೇಮ್ ಹಾಗಲ್ಲ. ಕತ್ತರಿಸಿದ ಫ್ರೇಮಿನ ಗಾಡಿ ಎಷ್ಟೇ ಚೆಂದವಿದ್ದರೂ ಬೇಡ ಎನ್ನುತ್ತೇನೆ. ಆರ್‌ಎಕ್ಸ್ ಈಗ ತಯಾರಾಗುತ್ತಿಲ್ಲ. ಇರುವ ಒಂದೊಂದು ಚಾಸಿಯೂ ಕಡಿಮೆಯಾಗುತ್ತಾ ಹೋಗುವ ಸೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ವಿಷಯದಲ್ಲಿ ನಾವು ಇದನ್ನು ತಡವಾಗಿ ಕಲಿತೆವು. ಅಲ್ಲಿ ತಯಾರಾದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಯೆಜ್ಡಿಗಳಿಂದ ಒಂದನ್ನು ಕಿತ್ತೆಸೆದವರ ಊರಲ್ಲೇ ಇಂದು ಆ ಮೂಲ ಭಾಗಕ್ಕೆ ಹುಡುಕಾಟ ನಡೆದಿದೆ.

ಕಾನೂನನ್ನು ಖರೀದಿದಾರರು ಕೊನೆಗೆ ನೋಡುತ್ತಾರೆ, ಮೊದಲು ನೋಡಬೇಕಾದ್ದು ಅದನ್ನೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಎಂದಿತು. ಆರ್‌ಸಿಯಲ್ಲಿ 98 ಸಿಸಿ ಎಂದಿರುವ ಗಾಡಿಯಲ್ಲಿ ಆರ್‌ಎಕ್ಸ್ 135ರ 132 ಸಿಸಿಯ ಸಿಲಿಂಡರ್ ಇದ್ದರೆ ಅಪಘಾತದ ದಿನ ವಿಮಾ ಕಂಪನಿ ಕೇಳುವ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು, ಮಾರಿದವರಲ್ಲ. ವಿಂಟೇಜ್ ಎಂಬ ಆಸರೆಯೂ ಇಲ್ಲಿ ಸಿಗದು. 2021ರಲ್ಲಿ ಬಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ಆ ಮನ್ನಣೆ. ಮೊಟ್ಟಮೊದಲ ಆರ್‌ಎಕ್ಸ್ 100ಕ್ಕೂ 2035ರವರೆಗೆ ಅದು ದಕ್ಕುವುದಿಲ್ಲ. ಕೊರೆದು ಕತ್ತರಿಸಿದ ಗಾಡಿಗೆ ಆಮೇಲೂ ದಕ್ಕುವುದು ಕಷ್ಟ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಪಕ್ಕದಲ್ಲಿಟ್ಟು ಅಂಕಿ ಅಂಕಿ ಓದಿ. ಹದಿನೈದು ವರ್ಷದ ನಂತರದ ನವೀಕರಣ ಆಗಿದೆಯೇ ನೋಡಿ. ನಂಬರಿನ ಮೇಲೆ ಉಜ್ಜಿದ ಗುರುತು ಕಂಡರೆ ಬೆಲೆ ಅರ್ಧಕ್ಕೆ ಇಳಿದರೂ ಬೇಡ.

ಇಷ್ಟೆಲ್ಲ ಆದ ಮೇಲೂ ಕೊಳ್ಳಬಹುದಾದ ಗಾಡಿಗಳಿವೆ. ಫ್ರೇಮಿಗೆ ಬ್ಲೇಡ್ ತಾಗಿರಬಾರದು, ನಂಬರುಗಳು ತಾಳೆಯಾಗಬೇಕು, ಆಯಿಲ್ ಪಂಪು ಜೀವಂತವಿರಬೇಕು, ಎಂಜಿನ್ನಿಗೆ ಖರ್ಚು ಮಾಡುವ ಮುಂಚೆ ಬ್ರೇಕಿಗೆ ಖರ್ಚು ಮಾಡಿರಬೇಕು. ಮೂಲ ಸಿಲಿಂಡರ್, ಕಾರ್ಬುರೇಟರ್, ಸೈಲೆನ್ಸರ್‌ಗಳನ್ನು ಮಾಲೀಕರು ಗಾಡಿಯ ಜೊತೆಗೇ ಕೊಡಬೇಕು. ಹಾಗಿದ್ದರೆ ಒಳ್ಳೆಯ ಸ್ಟಾಕ್ ಗಾಡಿಗೆ ಕೊಡುವಷ್ಟೇ ಕೊಟ್ಟು ತನ್ನಿ, ಮೂಲ ಸಿಲಿಂಡರನ್ನು ಮತ್ತೆ ಕೂರಿಸಿಯೇ ರಸ್ತೆಗಿಳಿಸಿ. ಮಾಡಿಫೈ ಮಾಡಿದ್ದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.