ದಫ್ತರದ ಯಂತ್ರವೂ ರಚನಾದೋಷಗಳೂ

ಕಾವ್ಯನಾಟಕಗಳ ಗುಣದೋಷವಿವೇಚನೆಯನ್ನು ನಿರೀಕ್ಷಿಸಿ ಈ ಪುಟವನ್ನು ತೆರೆಯುವ ವಾಚಕಮಹಾಶಯರಿಗೆ ಇಂದಿನ ನನ್ನ ವಸ್ತುವು ವಿಚಿತ್ರವಾಗಿ ತೋರಬಹುದು. ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಜನರ ಹೆಸರು, ಹೊಲ, ಹಣ ಇವುಗಳ ದಾಖಲೆಯನ್ನಿಡುವ ಪ್ರೋಗ್ರಾಮನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದುಂಟೆ ಎಂದು ಅವರು ಕೇಳಿಯಾರು. ಉಂಟೆಂದೇ ನನ್ನ ನಂಬಿಕೆ. ಅದೂ ಒಬ್ಬ ಕರ್ತೃವು ಒಂದು ಭಾಷೆಯಲ್ಲಿ ಬರೆದ ರಚನೆಯೇ ಸರಿ. ಕಾವ್ಯವು ರುಚಿಸದಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಡಬಹುದು; ದಾಖಲೆಯ ರಚನೆ ಕೆಟ್ಟರೆ ಅದರೊಳಗೆ ಸಿಕ್ಕಿಕೊಂಡವನಿಗೆ ಹೊರಬರುವ ದಾರಿಯೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಯಲಹಂಕದ ಕಡೆಯ ಒಂದು ಸಂಸ್ಥೆಗೆ (ಅದರ ಹೆಸರು ಇಲ್ಲಿ ಅಪ್ರಕೃತ) ನೆರೆಮನೆಯ ವೃದ್ಧೆಯೊಬ್ಬರ ಜೊತೆಗೆ ನಾನು ಹೋಗಿದ್ದೆನು. ಅವರು ಎಂದೋ ಕಟ್ಟಿದ್ದ ಷೇರು ಹಣವನ್ನು ಹಿಂದಕ್ಕೆ ಪಡೆಯಬೇಕಾಗಿತ್ತು. ಗುಮಾಸ್ತನು ಹೆಸರನ್ನು ಒತ್ತಿ ನೋಡಿ, “ಅಜ್ಜೀ, ನಿಮ್ಮ ಹೆಸರು ಇದರಲ್ಲಿಲ್ಲ” ಎಂದನು. “ರಸೀತಿ ಕೊಟ್ಟವರು ನೀವೇ ಅಲ್ಲವೇನಪ್ಪಾ?” ಎಂದು ಆಕೆ ಮಡಿಸಿದ್ದ ಕಾಗದವನ್ನು ಬಿಡಿಸಿ ತೋರಿಸಿದರು. ಎರಡು ಬಾರಿ ಬರಿಗೈಯಲ್ಲಿ ಹಿಂದಿರುಗಿದೆವು. ಮೂರನೆಯ ಬಾರಿ ಆ ಗುಮಾಸ್ತನು ಕನಿಕರಪಟ್ಟು, ಸದಸ್ಯರ ಪಟ್ಟಿಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕಣ್ಣಿನಿಂದಲೇ ಓದಿದನು. ಹೆಸರು ಅಲ್ಲಿಯೇ ಇತ್ತು. ರಸೀತಿಯಲ್ಲಿದ್ದುದಕ್ಕೂ ಅದಕ್ಕೂ ಒಂದಕ್ಷರದ ಭೇದವೂ ಇರಲಿಲ್ಲ. “ಕಂಪ್ಯೂಟರಿನ ತಪ್ಪು ಅಜ್ಜೀ” ಎಂದು ಅವನು ಸಮಾಧಾನ ಹೇಳಿದನು. ತಪ್ಪು ನಿಜವಾಗಿಯೂ ಕಂಪ್ಯೂಟರಿನದೆ? ಈ ಲೇಖನ ಹುಟ್ಟಿದುದು ಆ ಪ್ರಶ್ನೆಯಿಂದ.

ನಮ್ಮ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದದಲ್ಲಿಯೇ ದೋಷಾದೋಷಗಳ ನಿರ್ಣಯವನ್ನು ಎತ್ತಿಕೊಳ್ಳುತ್ತದೆ. ದಾಖಲೆಯ ರಚನೆಗೂ ಅದೇ ಕ್ರಮವು ಹಿತವಾದುದು. ದೋಷಗಳನ್ನು ಅರಿತರೆ ಗುಣಗಳು ತಾವಾಗಿ ತಿಳಿಯುತ್ತವೆ.

ಮೊದಲನೆಯ ದೋಷವು ಪುನರುಕ್ತಿ. ಒಬ್ಬ ಸದಸ್ಯನ ವಿಳಾಸವನ್ನು ಷೇರಿನ ಪುಸ್ತಕದಲ್ಲೊಮ್ಮೆ, ಸಾಲದ ಪುಸ್ತಕದಲ್ಲೊಮ್ಮೆ, ಠೇವಣಿಯ ಪುಸ್ತಕದಲ್ಲೊಮ್ಮೆ ಬರೆದಿಟ್ಟರೆ, ಆತನು ಹೆಬ್ಬಾಳದಿಂದ ಯಶವಂತಪುರಕ್ಕೆ ಮನೆ ಬದಲಾಯಿಸಿದಾಗ ಒಂದು ಕಡೆ ತಿದ್ದಿ ಎರಡು ಕಡೆ ಮರೆಯುವುದು ಮನುಷ್ಯಸಹಜ. ಆಮೇಲೆ ಮೂರರಲ್ಲಿ ಯಾವುದು ದಿಟವೆಂದು ಹೇಳುವವರಾರು? ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸನು ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎಲ್ಲ ದಾಖಲೆಗಳನ್ನೂ ಸರಳವಾದ ಕೋಷ್ಟಕಗಳ ರೂಪದಲ್ಲಿ ಇಡುವ ಮಾರ್ಗವನ್ನು ತೋರಿಸಿದನು. ಅದರಿಂದ ಬೆಳೆದ ನಿಯಮದ ಸಾರವಿಷ್ಟೆ: ಒಂದು ಸಂಗತಿಯನ್ನು ಒಂದೇ ಕಡೆ ಹೇಳಬೇಕು, ಬೇರೆಡೆ ಬೇಕಾದಾಗ ಅದರ ಗುರುತಿನ ಸಂಖ್ಯೆಯಿಂದ ಅದನ್ನು ಕರೆಯಬೇಕು. ಡಿಬೇಸ್, ಫಾಕ್ಸ್‌ಪ್ರೋ, ಆಕ್ಸೆಸ್ ಎಂದು ಸಲಕರಣೆಗಳು ಒಂದರ ಹಿಂದೊಂದು ಬಂದರೂ ಈ ನಿಯಮವು ಹಳತಾಗಿಲ್ಲ.

ಎರಡನೆಯದು ಅರ್ಧೋಕ್ತಿ. ಜಮೀನಿನ ಕ್ರಯವನ್ನು ದಾಖಲಿಸುವಾಗ ಮಾರಿದವನ ಹೆಸರನ್ನು ತೆಗೆಯಬೇಕು, ಕೊಂಡವನ ಹೆಸರನ್ನು ಸೇರಿಸಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮುನ್ನ ವಿದ್ಯುತ್ತು ನಿಂತುಹೋದರೆ ಆ ಹೊಲವು ಯಾರದು? ಆದುದರಿಂದ ಬಲ್ಲ ರಚನಕಾರನು ಎರಡು ಕ್ರಿಯೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾನೆ. ಎರಡೂ ನಡೆಯಬೇಕು, ಇಲ್ಲವೆ ಎರಡೂ ನಡೆಯದೆ ಮೊದಲಿನ ಸ್ಥಿತಿಯೇ ಉಳಿಯಬೇಕು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಜಿಮ್ ಗ್ರೇ ಎಂಬಾತನು ೧೯೮೧ರಲ್ಲಿ ಇದನ್ನು ವಿವರಿಸುವಾಗ, ಕರಾರುಗಳ ವಿಷಯದಲ್ಲಿ ಲೋಕದಲ್ಲಿ ನಡೆಯುವ ಪದ್ಧತಿಯನ್ನೇ ಮಾದರಿಯಾಗಿ ಹಿಡಿದನು. ತಾಂಬೂಲ ಬದಲಾಯಿಸಿದ ಮೇಲೆ ನಿಶ್ಚಿತಾರ್ಥ, ಅದಕ್ಕೆ ಮೊದಲು ಬರಿಯ ಮಾತು ಎಂಬ ನಮ್ಮ ಮನೆಗಳ ವ್ಯವಸ್ಥೆಯೂ ಇದೇ ಅಲ್ಲವೆ?

ಮೂರನೆಯದು ಮಾನದೋಷ. ನಮ್ಮ ಪಹಣಿಗಳಲ್ಲಿ ನೆಲದ ಅಳತೆಯನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುವುದು ವಾಡಿಕೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ೧.೨೦ ಎಂದು ಬರೆಯುತ್ತಾರೆ. ಇದನ್ನರಿಯದ ರಚನಕಾರನು ಆ ಬಿಂದುವನ್ನು ದಶಮಾಂಶವೆಂದೇ ಬಗೆದು, ೧.೨೦ಕ್ಕೆ ೦.೩೦ನ್ನು ಕೂಡಿಸಿ ೧.೫೦ ಎನ್ನುತ್ತಾನೆ. ಓದುವವನು ಅದನ್ನು ಒಂದೂವರೆ ಎಕರೆಯೆಂದು ತಿಳಿದರೆ ಆಯಿತು, ಮೂವತ್ತು ಗುಂಟೆ ಮಾಯ! ನಿಜವಾದ ಮೊತ್ತ ಎರಡು ಎಕರೆ ಹತ್ತು ಗುಂಟೆ. ಗುಂಟೆಗೆ ೧,೦೮೯ ಚದರಡಿಯಂತೆ ಮೂವತ್ತು ಗುಂಟೆಯೆಂದರೆ, ರಸ್ತೆಗಳ ಮಾತನ್ನು ಬಿಟ್ಟು, ಮೂವತ್ತು-ನಲವತ್ತು ಅಡಿಗಳ ಇಪ್ಪತ್ತೇಳು ನಿವೇಶನಗಳ ನೆಲ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ ಯಲಹಂಕದ ಸುತ್ತ ನೆಲದ ಬೆಲೆ ಹೇಗೆ ಏರಿತೆಂಬುದನ್ನು ಬಲ್ಲವರಿಗೆ ಈ ಒಂದು ಬಿಂದುವಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಪರಿಹಾರವೋ ಬಹು ಸುಲಭ: ಒಳಗೆ ಎಲ್ಲವನ್ನೂ ಆಣೆಗಳ ಪೂರ್ಣಸಂಖ್ಯೆಯಾಗಿಯೇ ಇಟ್ಟು ಲೆಕ್ಕ ಮಾಡುವುದು, ಕಣ್ಣಿಗೆ ತೋರಿಸುವಾಗ ಮಾತ್ರ ಎಕರೆ-ಗುಂಟೆಗಳಾಗಿ ಒಡೆಯುವುದು.

ನಾಲ್ಕನೆಯದು ಅಕ್ಷರದೋಷ. ಅಜ್ಜಿಯ ಹೆಸರು ಕಾಣದೆಹೋದ ರಹಸ್ಯವು ಇಲ್ಲಿದೆ. ಕನ್ನಡವು ಕಂಪ್ಯೂಟರಿಗೆ ಬಂದ ಮೊದಮೊದಲಲ್ಲಿ ಅಕ್ಷರದ ಆಕಾರದ ತುಂಡುಗಳಿಗೆ ಸಂಖ್ಯೆ ಕೊಡುತ್ತಿದ್ದರು, ಉಚ್ಚಾರಣೆಗೆ ಅಲ್ಲ. ‘ಕರ್ನಾಟಕ’ ಎಂದು ಬರೆದರೆ ಯಂತ್ರದೊಳಗೆ ಅರ್ಕಾವತ್ತು ‘ನಾ’ ಎಂಬುದರ ಅನಂತರ ಕೂರುತ್ತಿತ್ತು. ಅಚ್ಚಿಗೆ ಅದರಿಂದ ಬಾಧಕವಿಲ್ಲ. ಆದರೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಲ್ಲಿ ವರ್ಣಮಾಲೆಯ ಕ್ರಮವೇ ಕೆಡುತ್ತಿತ್ತು. ಯೂನಿಕೋಡ್ ಬಂದ ಮೇಲೆ ಕ್ರಮವು ಉಚ್ಚಾರಣೆಯನ್ನು ಅನುಸರಿಸಿತು. ಆದರೂ ಒಂದು ಸೂಕ್ಷ್ಮವು ಉಳಿಯಿತು. ಆ ವೃದ್ಧೆಯ ಹೆಸರಿನ ಮೊದಲಕ್ಷರ ‘ದೊ’. ಇದರ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹಳೆಯ ಪಟ್ಟಿಯನ್ನು ಹೊಸದಕ್ಕೆ ಪರಿವರ್ತಿಸಿದವರು ಎರಡು ಚಿಹ್ನೆಗಳನ್ನು ಇಟ್ಟಿದ್ದರು. ಗುಮಾಸ್ತನ ಕೀಲಿಮಣೆ ಒಂದನ್ನು ಒತ್ತುತ್ತಿತ್ತು. ಈ ಎರಡನ್ನೂ ಸಮವೆಂದೇ ಎಣಿಸಬೇಕೆಂದು ಯೂನಿಕೋಡಿನ ನಿಯಮವು ಸ್ಪಷ್ಟವಾಗಿ ಹೇಳಿ, ಏಕರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ದಾಖಲಿಸುವ ಮುನ್ನವೂ ಹುಡುಕುವ ಮುನ್ನವೂ ಆ ವಿಧಾನವನ್ನು ಒಮ್ಮೆ ನಡೆಸಿದ್ದರೆ, ಎಪ್ಪತ್ತು ದಾಟಿದ ಹೆಂಗಸು ಬಿಸಿಲಿನಲ್ಲಿ ಮೂರು ಬಾರಿ ಅಲೆಯಬೇಕಾಗಿರಲಿಲ್ಲ. ತಪ್ಪು ಕಂಪ್ಯೂಟರಿನದಲ್ಲ, ಗುಮಾಸ್ತನದೂ ಅಲ್ಲ, ರಚನಕಾರನದು.

ಈಗ ಒಂದು ಮಹಾರಚನೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ನಮ್ಮ ನಾಡಿನಲ್ಲಿ ಈ ಜಾತಿಯ ರಚನೆಗಳ ಪೈಕಿ ಅತ್ಯಧಿಕ ಜನರ ಬಾಳನ್ನು ಮುಟ್ಟಿದವುಗಳಲ್ಲಿ ‘ಭೂಮಿ’ಯೊಂದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರಚಿಸಿದ ಇದನ್ನು ಕಂದಾಯ ಇಲಾಖೆಯು ೨೦೦೦ದ ಸುಮಾರಿನಿಂದ ತಾಲ್ಲೂಕು ಕಚೇರಿಗಳಲ್ಲಿ ನೆಲೆಗೊಳಿಸಿತು. ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿ ಪಹಣಿಗಳು ಇದರೊಳಗೆ ಸೇರಿದುವು. ಅದಕ್ಕೆ ಮೊದಲು ಈ ದಫ್ತರಗಳು ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಯಲ್ಲಿದ್ದುವು. ರೈತನು ಪಹಣಿಗಾಗಿ ಅವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ‘ಭೂಮಿ’ಯ ಆರಂಭದ ವರ್ಷಗಳಲ್ಲಿ ಹದಿನೈದು ರೂಪಾಯಿ ತೆತ್ತರೆ ಕಚೇರಿಯ ಕಿಟಕಿಯಲ್ಲಿಯೇ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು.

ಈ ರಚನೆಯಲ್ಲಿ ನನಗೆ ಮೆಚ್ಚಿಕೆಯಾದುದು ಅದರ ವೇಗಕ್ಕಿಂತಲೂ ಅದರ ಕಟ್ಟುನಿಟ್ಟು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಮುಂದುವರಿಯಬೇಕೆಂಬ ನಿಯಮವನ್ನು ಸುತ್ತೋಲೆಯಲ್ಲಿ ಬರೆದು ಗೋಡೆಗೆ ಅಂಟಿಸಲಿಲ್ಲ, ಪ್ರೋಗ್ರಾಮಿನಲ್ಲಿಯೇ ಕಟ್ಟಿದರು. ಕೈ ಬಿಸಿಮಾಡಿದವನ ಕಾಗದವನ್ನು ಮೇಲಕ್ಕೆ ಎಳೆಯುವುದು ಅಷ್ಟರಮಟ್ಟಿಗೆ ಕಷ್ಟವಾಯಿತು. ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚನ್ನು ಒತ್ತಿಯೇ ಒಳಗೆ ಹೋಗಬೇಕಾದುದರಿಂದ ಯಾರು ಏನು ಮಾಡಿದರೆಂಬುದು ಉಳಿಯಿತು. ಕಿಟಕಿಯ ಹೊರಗಿನ ರೈತನಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ಇಟ್ಟರು. ಇದನ್ನು ನಾನು ಔಚಿತ್ಯವೆಂದು ಕರೆಯುತ್ತೇನೆ. ಮನುಷ್ಯನ ಒಳ್ಳೆಯತನವನ್ನು ನಂಬಿ ಕೂರದೆ, ಆತನು ಒಳ್ಳೆಯವನಾಗಿರುವುದನ್ನು ಸುಲಭಗೊಳಿಸುವುದೇ ಇಂತಹ ರಚನೆಯ ಧರ್ಮ.

ಹೀಗೆಂದು ಕುಂದುಗಳನ್ನು ಮರೆಮಾಚುವುದು ವಿಮರ್ಶಕನಿಗೆ ಸಲ್ಲದು. ಹಳೆಯ ಪುಸ್ತಕದಲ್ಲಿದ್ದುದನ್ನೇ ಯಂತ್ರಕ್ಕೆ ತುಂಬಿದುದರಿಂದ ಹಳೆಯ ತಪ್ಪುಗಳೂ ಅದರೊಡನೆ ಬಂದುವು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆಗಳು, ಮಕ್ಕಳಲ್ಲಿ ಬಾಯಿಮಾತಿನಿಂದ ಆದ ಪಾಲುಗಳು ಎಷ್ಟೋ. ಕೈಬರಹದ ಪುಸ್ತಕದಲ್ಲಿದ್ದಾಗ ತಪ್ಪು ತಪ್ಪಿನಂತೆಯೇ ಕಾಣುತ್ತಿತ್ತು. ಅಚ್ಚಾಗಿ ಬಂದಾಗ ಅದಕ್ಕೆ ಸತ್ಯದ ಕಳೆ ಬಂದಿತು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ೨೦೦೭ರ ತಮ್ಮ ಅಧ್ಯಯನದಲ್ಲಿ ಇನ್ನೂ ಕಠಿನವಾದ ಆಕ್ಷೇಪವನ್ನು ಎತ್ತಿದರು: ದಾಖಲೆಯು ಒಂದೆಡೆ ಸೇರಿ ಸ್ಪಷ್ಟವಾದಷ್ಟೂ ಬೆಂಗಳೂರಿನ ಸುತ್ತಿನ ನೆಲವು ದೊಡ್ಡ ಬಂಡವಾಳಗಾರರಿಗೆ ಸುಲಭವಾಗಿ ಎಟುಕಿತು ಎಂಬುದು ಅವರ ವಾದ. ಈ ವಾದವನ್ನು ಪೂರ್ಣವಾಗಿ ಒಪ್ಪದವರೂ ಒಂದು ಮಾತನ್ನು ಒಪ್ಪಲೇಬೇಕು. ಕೋಷ್ಟಕದಲ್ಲಿ ಮನೆಯಿಲ್ಲದ ಸಂಗತಿಗೆ ಕಚೇರಿಯಲ್ಲಿ ಜಾಗವಿರುವುದಿಲ್ಲ. ಯಾವುದಕ್ಕೆ ಮನೆ ಕಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ರಚನಕಾರನ ನಿರ್ಣಯವು ಬರಿಯ ಯಂತ್ರವಿಷಯವಲ್ಲ, ನ್ಯಾಯವಿಷಯ.

ನಮ್ಮ ಮನೆಗಳ ತರುಣ ತರುಣಿಯರಲ್ಲಿ ಹಲವರು ಇಂದು ಈ ಕಸುಬಿನಲ್ಲಿದ್ದಾರೆ. ಸಂಘದ ಸದಸ್ಯರ ಪಟ್ಟಿಯನ್ನೋ, ವಾಚನಾಲಯದ ಪುಸ್ತಕಗಳ ಪಟ್ಟಿಯನ್ನೋ ಸಿದ್ಧಪಡಿಸುವ ಚಿಕ್ಕ ಕೆಲಸವೂ ಅವರ ಪಾಲಿಗೆ ಬರುತ್ತದೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಪರದೆಯ ಬಣ್ಣಗಳನ್ನು ಆರಿಸುವ ಮೊದಲು, ನಿಮ್ಮ ರಚನೆಯೊಳಗೆ ಒಂದು ಹೆಸರಾಗಿ ಮಾತ್ರ ಬರಲಿರುವ ವ್ಯಕ್ತಿಯನ್ನು ಒಮ್ಮೆ ಎದುರಿಗೆ ತಂದುಕೊಳ್ಳಿರಿ. ಆಕೆ ಮಡಿಸಿದ ರಸೀತಿಯನ್ನು ಹಿಡಿದುಕೊಂಡು ಕಿಟಕಿಯ ಹೊರಗೆ ನಿಂತಿದ್ದಾಳೆ. ಹೆಸರು ಹೇಳಿದ ಕೂಡಲೆ “ಇದೆ ಅಜ್ಜೀ, ಕುಳಿತುಕೊಳ್ಳಿ” ಎಂದು ಗುಮಾಸ್ತನು ಹೇಳುವಂತಾದರೆ ನಿಮ್ಮ ಕೃತಿಯು ಗೆದ್ದಿತೆಂದು ತಿಳಿಯಿರಿ.