ಕೀಲಿ, ಕೀಲಿಕೈ ಮತ್ತು ಪ್ರಮಾದ

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಸಾಕಾರಮಂತ್ರಭೇದವನ್ನೂ ತತ್ತ್ವಾರ್ಥಸೂತ್ರಕಾರರು ಎಣಿಸಿದ್ದಾರೆ. ಸುಳ್ಳು ಬರಹವನ್ನು ಸೃಷ್ಟಿಸುವುದು ಮೊದಲನೆಯದು. ಪರರ ಗುಟ್ಟನ್ನು ಹೊರಗೆಡಹುವುದು ಎರಡನೆಯದು. ಇ-ಮೇಲ್ ಭದ್ರತೆಯೆಂಬುದು ಈ ಎರಡು ದೋಷಗಳಿಗೆ ಕಟ್ಟಿದ ತಡೆ. ಅದನ್ನು ಕಟ್ಟಿದವರು ಸಾಮಾನ್ಯ ಗೃಹಸ್ಥನನ್ನು ಲಕ್ಷ್ಯದಲ್ಲಿಟ್ಟಿದ್ದರೇ ಎಂಬುದು ವಿಚಾರಾರ್ಹ.

1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಪಿ.ಜಿ.ಪಿ. ಎಂಬ ತಂತ್ರಾಂಶವನ್ನು ಹೊರತಂದರು. ಪತ್ರವನ್ನು ಗೂಢಲಿಪಿಗೆ ತಿರುಗಿಸುವ, ಬರೆದವರಾರೆಂದು ಸಹಿಯಿಂದ ಸ್ಥಾಪಿಸುವ ಅದರ ಗಣಿತ ಬಲವಾದುದು. ಆದರೆ 1999ರಲ್ಲಿ ಆಲ್ಮಾ ವಿಟನ್ ಮತ್ತು ಡೌಗ್ ಟೈಗರ್ ಅದರ ಐದನೆಯ ಆವೃತ್ತಿಯನ್ನು, ಇ-ಮೇಲ್ ಬಳಸಿ ಬಲ್ಲ 12 ಮಂದಿಯ ಕೈಗೆ ಕೊಟ್ಟು ಪರೀಕ್ಷಿಸಿದಾಗ, 90 ನಿಮಿಷಗಳಲ್ಲಿ ಕೆಲಸವನ್ನು ಸರಿಯಾಗಿ ಮುಗಿಸಿದವರು ಮೂರರಲ್ಲೊಂದು ಪಾಲು ಮಾತ್ರ. ಮೂವರು ಗುಟ್ಟನ್ನು ಬಯಲಾಗಿಯೇ ಕಳಿಸಿಬಿಟ್ಟರು. ಏಳು ಮಂದಿ ಪತ್ರ ಪಡೆಯುವವರ ಕೀಲಿಯ ಬದಲು ತಮ್ಮ ಕೀಲಿಯನ್ನೇ ಹಾಕಿದರು. ಪರೀಕ್ಷೆ ಚಿಕ್ಕದೆಂಬ ಆಕ್ಷೇಪ ನ್ಯಾಯವಾದುದೇ. ಆದರೂ ತಪ್ಪಿದವರು ದಡ್ಡರಲ್ಲ.

ದೋಷದ ಒಂದು ಮೂಲ ಹೆಸರಿನಲ್ಲಿಯೇ ಇದೆ. ಎಲ್ಲರಿಗೂ ಹಂಚಬೇಕಾದುದನ್ನೂ ಯಾರಿಗೂ ಕೊಡಬಾರದುದನ್ನೂ ಇಂಗ್ಲಿಷಿನಲ್ಲಿ ಕೀಲಿಕೈಯೆಂದೇ ಕರೆದರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಆಡುಮಾತು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ: ಮುಚ್ಚುವುದು ಕೀಲಿ, ತೆರೆಯುವುದು ಕೀಲಿಕೈ. ತೆರೆದ ಕೀಲಿಗಳನ್ನು ಊರಿಗೆಲ್ಲ ಹಂಚಿ ಕೀಲಿಕೈಯನ್ನು ತನ್ನಲ್ಲೇ ಇರಿಸಿಕೊಳ್ಳುವುದೆಂದರೆ ಅಂಗಡಿಯ ಹುಡುಗನಿಗೂ ಅರ್ಥವಾದೀತು.

ಸಹಿಯ ಪ್ರಶ್ನೆ ಇನ್ನೂ ತೊಡಕಿನದು. ಮಸ್ಕಿಯ ಬಂಡೆಯ ಶಾಸನ 1915ರಲ್ಲಿ ದೊರೆತದ್ದು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಷ್ಟೇ ಕಾಣುತ್ತಿತ್ತು, ಅಶೋಕನೆಂಬ ಹೆಸರು ಜೊತೆಗೆ ಕಂಡದ್ದು ಇಲ್ಲಿ. ಟ್ರಸ್ಟಿಗೆ ಬರುವ ಇ-ಮೇಲಿನಲ್ಲಿಯೂ 'ಅಧ್ಯಕ್ಷರು' ಎಂಬುದು ಬಿರುದು ಮಾತ್ರ; ಯಾರು ಬೇಕಾದರೂ ಬರೆಯಬಲ್ಲರು. 2016ರಲ್ಲಿ ವಾಟ್ಸ್‌ಆ್ಯಪ್ ಬಳಸುವವರನ್ನು ಏನೂ ಕೇಳದೆ ಸಂದೇಶಗಳನ್ನೆಲ್ಲ ಗೂಢೀಕರಿಸಿತು. ಇದು ಸ್ತುತ್ಯ. ಆದರೆ ಹೊಸ ನಂಬರಿಗೆ ಅಧ್ಯಕ್ಷರ ಚಿತ್ರ ಅಂಟಿಸಿ ಹಣ ಕೇಳುವ ವಂಚಕನನ್ನು ಅದು ತಡೆಯದು.

ನಮ್ಮ ಶಾಸ್ತ್ರದಲ್ಲಿ ಹಿಂಸೆಯ ಲಕ್ಷಣಕ್ಕೆ ಪ್ರಮಾದವೇ ಮೂಲ. ವಂಚನೆಯಾದಾಗ ಪ್ರಮಾದವನ್ನು ಮೋಸಹೋದ ವೃದ್ಧ ಖಜಾಂಚಿಯ ತಲೆಗೆ ಕಟ್ಟುವುದು ವಾಡಿಕೆ. ಅರ್ಥವಾಗದ ಎಚ್ಚರಿಕೆಗಳನ್ನು ತೆರೆಯ ಮೇಲೆ ತುಂಬಿದವನ ಪ್ರಮಾದ ಅದಕ್ಕಿಂತ ಮೊದಲಿನದು. ಡಿಜಿಟಲ್ ಸಹಿಯ ಟೋಕನ್ನನ್ನು ಪಿನ್ ಸಮೇತ ಲೆಕ್ಕಪರಿಶೋಧಕರ ಮೇಜಿನಲ್ಲಿ ಬಿಟ್ಟುಬರುವ ಟ್ರಸ್ಟಿಗಳು ಮಾತ್ರ ಈ ವಿನಾಯಿತಿಗೆ ಅರ್ಹರಲ್ಲ. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಬಂದಾಗ ಮೊದಲೇ ಬಲ್ಲ ನಂಬರಿಗೆ ಫೋನ್ ಮಾಡಿ ಕೇಳಲು ಯಾವ ತಂತ್ರಾಂಶವೂ ಬೇಕಿಲ್ಲ.