ಭೂಚೇತನ: ಪ್ರಯೋಗಾಲಯದಿಂದ ಹೊಲದವರೆಗೆ

ಬಯಲುಸೀಮೆಯ ಹೊಲದಲ್ಲಿ ಇಳುವರಿ ಕುಸಿದರೆ ನಾವು ಮೊದಲು ದೂರುವುದು ಮಳೆಯನ್ನು. 2009ರಲ್ಲಿ ಕರ್ನಾಟಕದ ಕೃಷಿ ಇಲಾಖೆ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯೊಡನೆ ಆರಂಭಿಸಿದ 'ಭೂಚೇತನ' ಯೋಜನೆ ಮಣ್ಣಿನತ್ತ ಬೆರಳು ತೋರಿಸಿತು. ಸತು, ಬೋರಾನ್, ಗಂಧಕ ಸಾಲದೆ ಸೊರಗಿದ ನೆಲಕ್ಕೆ ನಾವು ಯೂರಿಯಾ ಸುರಿಯುತ್ತಿದ್ದೆವು.

ಮಣ್ಣು ಪರೀಕ್ಷೆ ಆಗಲೇ ಹಳೆಯ ವಿದ್ಯೆ. ಅದರ ಫಲಿತಾಂಶ ರೈತನನ್ನು ಮುಟ್ಟಿದ ಬಗೆಯನ್ನು ನಾನು ಈ ಯೋಜನೆಯ ದೊಡ್ಡ ಸಾಧನೆ ಎನ್ನುತ್ತೇನೆ. ಶಿಫಾರಸುಗಳು ಊರಿನ ಗೋಡೆಗಳ ಮೇಲೆ ಬಂದವು. ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ರೈತ ಸಂಪರ್ಕ ಕೇಂದ್ರಗಳಲ್ಲಿ ಅರ್ಧ ಬೆಲೆಗೆ ಸಿಕ್ಕವು. ಎಲ್ಲಕ್ಕಿಂತ ಮಿಗಿಲಾಗಿ, ಆಯಾ ಭಾಗದ ರೈತರಲ್ಲೇ ಆರಿಸಿದ 'ರೈತ ಅನುವುಗಾರರು' ಇದ್ದರು. ಎಕರೆಗೆ ಎಷ್ಟು ಹಾಕಬೇಕು, ಬಿತ್ತನೆಗೆ ಮೊದಲೋ ಆಮೇಲೋ ಎಂದು ಕೇಳಲು ಅಕ್ಕಪಕ್ಕದ ಹೊಲದಲ್ಲೇ ಒಬ್ಬರು ಸಿಗುತ್ತಿದ್ದರು.

ಇಳುವರಿಯನ್ನು ಶೇ. 20ರಷ್ಟು ಹೆಚ್ಚಿಸುವುದು ಗುರಿ. ರಾಗಿ, ಶೇಂಗಾ, ಮೆಕ್ಕೆಜೋಳದಲ್ಲಿ ಅದನ್ನೂ ಮೀರಿದೆವೆಂದು ಯೋಜನೆಯ ವರದಿಗಳು ಹೇಳಿದವು. ಇಲ್ಲಿ ನನ್ನ ತಕರಾರಿದೆ. ಯೋಜನೆ ನಡೆಸಿದವರೇ ಬೆಳೆ ಕಟಾವಿನ ಲೆಕ್ಕವನ್ನೂ ಕೊಟ್ಟರು. ಸುಧಾರಿತ ಬೀಜ, ಬೀಜೋಪಚಾರ, ಲಘುಪೋಷಕಾಂಶ ಎಲ್ಲವೂ ಒಟ್ಟಿಗೆ ಹೋದ ಹೊಲದಲ್ಲಿ ಯಾವುದರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಹೊಸದಕ್ಕೆ ಮೊದಲು ಕೈಹಾಕುವ ರೈತ ಸಾಮಾನ್ಯವಾಗಿ ಕೊಂಚ ಅನುಕೂಲಸ್ಥನೂ ಹೌದು. ಇಳುವರಿ ಹೆಚ್ಚಿದಾಗ ಆ ರಾಗಿ ಮನೆಯ ಕಣಜಕ್ಕೆ ಹೋಯಿತೋ, ಸಾಲ ತೀರಿಸಲು ಸಂತೆಗೆ ಹೋಯಿತೋ ಎಂಬುದು ಈ ಅಳತೆಯಲ್ಲಿ ಕಾಣುವುದಿಲ್ಲ. ಆಹಾರ ಭದ್ರತೆಯ ಹೆಸರಿನಲ್ಲಿ ಮಾತಾಡುವವರು ಅದನ್ನು ಕೇಳಲೇಬೇಕು.

2015ರಲ್ಲಿ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ದೇಶದ ತುಂಬ ಬಂತು. ಹನ್ನೆರಡು ಅಂಶಗಳ ಪರೀಕ್ಷೆ, ಜಿಪಿಎಸ್ ಗುರುತು, ಕೋಟ್ಯಂತರ ಕಾರ್ಡುಗಳು. ಆದರೆ ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಎರಡೆಕರೆ ಹಿಡುವಳಿಯವರ ನಾಡಿನಲ್ಲಿ ಅಷ್ಟು ಜಾಗದಲ್ಲಿ ಹತ್ತಾರು ಜನರ ಹೊಲಗಳಿರುತ್ತವೆ. ಕೆರೆ ಗೋಡು ಹೊಡೆದವನಿಗೂ, ವರ್ಷಗಟ್ಟಲೆ ಗೊಬ್ಬರವನ್ನೇ ಕಾಣದ ನೆಲದವನಿಗೂ ಒಂದೇ ಅಂಕಿ. ಕಾರ್ಡು ಮನೆಗೆ ಬಂತು, ಅದನ್ನು ಓದಿ ಹೇಳುವವರು ಜೊತೆಯಲ್ಲಿ ಬರಲಿಲ್ಲ. ಯೂರಿಯಾ ಕಡಿಮೆ ಮಾಡಿ ಎಂದು ಕಾರ್ಡು ಹೇಳುವ ಹೊತ್ತಿಗೆ ಅಂಗಡಿಯಲ್ಲಿ 45 ಕೆಜಿ ಯೂರಿಯಾ ಚೀಲ ಸುಮಾರು 266 ರೂಪಾಯಿಗೆ ಸಿಗುತ್ತಿದೆ. ಈ ದರ ಹೀಗೇ ಇರುವವರೆಗೆ ರೈತ ಕಾರ್ಡಿನ ಮಾತು ಕೇಳಲೆಂದು ಬಯಸುವುದು ಅನ್ಯಾಯ.